ಯಾರ ಮನೆ, ಯಾರ ಋಣ?

ಮನೆಯ ಹಿರಿಯರೊಬ್ಬರು ತೀರಿಕೊಂಡ ಮೇಲೆ ಅವರ ಊರುಗೋಲನ್ನು ಏನು ಮಾಡುವುದೆಂಬ ಸಣ್ಣ ಪ್ರಶ್ನೆಯೊಂದು ಉಳಿಯುತ್ತದೆ. ಪಂಚೆ, ಶಲ್ಯ, ಚಾಪೆಗಳ ವಿಚಾರದಲ್ಲಿ ರೂಢಿಯೇ ದಾರಿ ಹೇಳಿಕೊಡುತ್ತದೆ. ಜಮೀನು, ಒಡವೆಗಳ ವಿಚಾರದಲ್ಲಿ ಕಾಯಿದೆ ಹೇಳುತ್ತದೆ. ಊರುಗೋಲಿಗೆ ರೂಢಿಯೂ ಇಲ್ಲ, ಕಾಯಿದೆಯೂ ಇಲ್ಲ. ಸುಡುವುದಕ್ಕೆ ಮನಸ್ಸು ಬಾರದು. ಹಿಡಿದು ನಡೆಯೋಣವೆಂದರೆ ಮನೆಯಲ್ಲಿ ಇನ್ನೊಬ್ಬರಿಗೆ ಅಷ್ಟು ವಯಸ್ಸಾಗಿರುವುದಿಲ್ಲ. ಕೊನೆಗೆ ಯಾರೋ ಅದನ್ನು ಒಂದು ಮೂಲೆಯಲ್ಲಿ ನಿಲ್ಲಿಸುತ್ತಾರೆ. ಕೆಲವು ದಿನ ಅದರ ಮೇಲೆ ಕಣ್ಣು ಬಿದ್ದಾಗಲೆಲ್ಲ ಮನಸ್ಸು ಮರುಗುತ್ತದೆ. ಆಮೇಲೆ ಅದು ಮೂಲೆಯಲ್ಲಿರುವ ಒಂದು ಕೋಲು, ಅಷ್ಟೆ. ಯಾವುದೋ ಮಗು ಅದನ್ನೆತ್ತಿಕೊಂಡು ಕುದುರೆಯಾಟ ಆಡುತ್ತದೆ, ಅಜ್ಜಿ ಗದರುತ್ತಾಳೆ. ಅಜ್ಜಿ ಗದರಿದ್ದು ಸರಿಯೆ, ತಪ್ಪೆ ಎಂಬುದನ್ನು ನಾನು ಇಂದಿಗೂ ನಿಶ್ಚಯಿಸಲಾರದೆ ಇದ್ದೇನೆ.

ದೊಡ್ಡವರು ಬಾಳಿದ ಮನೆಗಳನ್ನು ವಸ್ತುಸಂಗ್ರಹಾಲಯ ಮಾಡುವ ಮಾತು ಬಂದಾಗಲೆಲ್ಲ ನನಗೆ ಈ ಊರುಗೋಲು ನೆನಪಾಗುತ್ತದೆ. ಕಲಾವಿದನೊಬ್ಬ ಬಾಳಿದ ಮನೆ, ಅವನು ನೆಟ್ಟ ಮರ, ಅವನು ಕಿಟಕಿಯಿಂದ ನೋಡುತ್ತಿದ್ದ ಬೆಟ್ಟ, ಇವೆಲ್ಲ ಅವನ ತರುವಾಯ ಯಾರಿಗೆ ಸೇರತಕ್ಕವು? ಹಣ ಕೊಟ್ಟು ಕೊಂಡವನಿಗೆ? ರಕ್ತಸಂಬಂಧಿಗೆ? ಆ ನೆಲದಲ್ಲಿ ಬೆವರು ಸುರಿಸಿದ ಆಳುಮಗನಿಗೆ? ಅಥವಾ ಅವನ ಚಿತ್ರಗಳನ್ನು ನೋಡಿ ಸಂತೋಷಪಟ್ಟ, ಮುಂದೆ ಹುಟ್ಟಿ ನೋಡಲಿರುವ, ಹೆಸರಿಲ್ಲದ ಜನಸ್ತೋಮಕ್ಕೆ? ಇದು ಒಂದು ಪ್ರಶ್ನೆ. ಇದರ ಬೆನ್ನ ಹಿಂದೆಯೇ ಇನ್ನೊಂದು ಇದೆ: ಯಾರಿಗೆ ಸೇರಿದರೂ ಸೇರಲಿ, ಸೇರಿದ ಮೇಲೆ ಅವರು ಅದನ್ನು ಏನು ಮಾಡಬೇಕು? ಮೊದಲನೆಯದನ್ನು ನ್ಯಾಯಾಲಯಗಳು ಹೇಗಾದರೂ ತೀರ್ಮಾನಿಸುತ್ತವೆ. ಎರಡನೆಯದನ್ನು ತೀರ್ಮಾನಿಸುವ ನ್ಯಾಯಾಲಯ ಹೊರಗೆಲ್ಲೂ ಇಲ್ಲ.

ಇಂಥ ವಿಷಯವನ್ನು ಬರಿಯ ತರ್ಕದಿಂದ ಎಳೆದಾಡುವುದಕ್ಕಿಂತ ಒಂದು ನಿಜವಾದ ಕತೆಯನ್ನು ಮುಂದಿಟ್ಟುಕೊಂಡು ನೋಡುವುದು ಮೇಲು. ರಷ್ಯ ದೇಶದಿಂದ ಬಂದು ನಮ್ಮವರಾದ ರೋರಿಕ್ ಕುಟುಂಬದ ಕತೆ ಇದಕ್ಕೆ ತಕ್ಕುದಾಗಿದೆ. ಆ ಮನೆತನದ ಬಾಳು ಮೂರು ಎಸ್ಟೇಟುಗಳ ಸುತ್ತ ಹೆಣೆದುಕೊಂಡಿದೆ. ಒಂದು ರಷ್ಯದ ಇಜ್ವಾರ, ಎರಡನೆಯದು ಹಿಮಾಲಯದ ಕುಲು ಕಣಿವೆಯ ನಗ್ಗರ್, ಮೂರನೆಯದು ನಮ್ಮ ಬೆಂಗಳೂರಿನ ಪಕ್ಕದ ತಾತಗುಣಿ. ಮೂರರ ಹಣೆಬರಹವೂ ಬೇರೆ ಬೇರೆ. ಆದರೆ ಮೂರೂ ಕೇಳುವ ಪ್ರಶ್ನೆ ಒಂದೇ.

ಇಜ್ವಾರ ಎಂಬುದು ಪೀಟರ್ಸ್‌ಬರ್ಗ್ ನಗರದ ನೈಋತ್ಯಕ್ಕಿರುವ ಒಂದು ಹಳ್ಳಿ. ಕಾಡು, ಕೆರೆ, ದಿಬ್ಬಗಳ ನಾಡು. ಪೀಟರ್ಸ್‌ಬರ್ಗಿನಲ್ಲಿ ನೋಟರಿಯಾಗಿದ್ದ ಕಾನ್‌ಸ್ಟಾಂಟಿನ್ ರೋರಿಕ್ ಅಲ್ಲಿನ ಎಸ್ಟೇಟನ್ನು ೧೮೭೨ರಲ್ಲಿ ಕೊಂಡರು. ಎರಡು ವರ್ಷಗಳ ಮೇಲೆ, ೧೮೭೪ರಲ್ಲಿ, ಮಗ ನಿಕೊಲಾಯ್ ಹುಟ್ಟಿದರು. ಹುಡುಗನ ಬಾಲ್ಯದ ಒಳ್ಳೆಯ ದಿನಗಳೆಲ್ಲ ಕಳೆದದ್ದು ಇಜ್ವಾರದಲ್ಲಿ. ಆ ಸೀಮೆಯ ತುಂಬ ಹಳೆಯ ಕಾಲದ ಸಮಾಧಿದಿಬ್ಬಗಳಿದ್ದವು. ಲೆವ್ ಇವನೋವ್ಸ್ಕಿ ಎಂಬ ಪುರಾತತ್ತ್ವಜ್ಞರು ಅವನ್ನು ಅಗೆಯುತ್ತಿದ್ದಾಗ ಈ ಹುಡುಗ ಹೋಗಿ ಜೊತೆ ಸೇರಿಕೊಂಡ. ಸಾವಿರ ವರ್ಷದ ಮಣ್ಣಿನೊಳಗಿನಿಂದ ಒಂದು ಕಂಚಿನ ಬಳೆಯೋ, ಒಂದು ಮಣಿಯೋ ಬೆಳಕಿಗೆ ಬರುವುದನ್ನು ಹತ್ತು ವರ್ಷದೊಳಗೆ ಕಣ್ಣಾರೆ ಕಂಡವನು ಮುಂದೆ ಬರೆದ ಚಿತ್ರಗಳಲ್ಲಿ ಕಲ್ಲು, ದಿಬ್ಬ, ಹಳೆಯ ದೋಣಿ, ಹಳೆಯ ಕೋಟೆಗಳು ತುಂಬಿಕೊಂಡದ್ದರಲ್ಲಿ ಆಶ್ಚರ್ಯವೇನು?

ಇಜ್ವಾರದ ಮನೆಯಲ್ಲಿ ಒಂದು ಹಳೆಯ ಚಿತ್ರ ತೂಗುಹಾಕಿತ್ತಂತೆ. ಸೂರ್ಯಾಸ್ತದ ಬೆಳಕಿನಲ್ಲಿ ಹೊಳೆಯುವ ಒಂದು ಹಿಮಪರ್ವತ. ಎಷ್ಟೋ ವರ್ಷಗಳ ಮೇಲೆ ಅದು ಕಾಂಚನಗಂಗಾ ಶಿಖರವೆಂದು ತಮಗೆ ತಿಳಿಯಿತೆಂದು ರೋರಿಕರೇ ನೆನಪಿಸಿಕೊಂಡಿದ್ದಾರೆ. ಊರಿನ ಹೆಸರನ್ನೂ ಅವರು ನಮ್ಮ 'ಈಶ್ವರ' ಶಬ್ದದ ಜೊತೆಗಿಟ್ಟು ನೋಡಿ ಸಂತೋಷಪಟ್ಟರು. ಆ ಸೀಮೆಯ ಊರಹೆಸರುಗಳಿಗೆ ಫಿನ್ನಿಷ್ ಬಳಗದ ಭಾಷೆಗಳಲ್ಲಿ ಮೂಲ ಹುಡುಕುವುದು ಹೆಚ್ಚು ಸರಿಯಾದೀತು. ಆದರೆ ವ್ಯುತ್ಪತ್ತಿಯ ತಪ್ಪು ಬಾಳಿನ ತಪ್ಪಾಗಬೇಕಾಗಿಲ್ಲ. ಹುಡುಗನೊಬ್ಬ ತನ್ನ ಬಾಲ್ಯದ ಊರಿನ ಹೆಸರಿನಲ್ಲಿ ದೂರದೇಶದ ಕರೆಯೊಂದನ್ನು ಕೇಳಿಸಿಕೊಂಡ, ಆ ದೇಶಕ್ಕೆ ಬಂದೇ ಬಂದ, ಅಲ್ಲಿಯೇ ಬೂದಿಯಾದ. ಭಾಷಾಶಾಸ್ತ್ರ ಇದಕ್ಕಿಂತ ಹೆಚ್ಚಿನ ಸಾಕ್ಷಿಯನ್ನು ಎಲ್ಲಿಂದ ತಂದೀತು?

ತಂದೆಗೆ ಮಗ ಕಾನೂನು ಓದಲೆಂಬ ಆಸೆ. ಮಗನಿಗೆ ಚಿತ್ರಕಲೆಯ ಹಂಬಲ. ಮಗ ಎರಡನ್ನೂ ಒಟ್ಟಿಗೆ ಓದಿದರು. ಕಾನೂನು ಪದವಿಗಾಗಿ ಅವರು ಆರಿಸಿಕೊಂಡ ಪ್ರಬಂಧದ ವಿಷಯ 'ಪ್ರಾಚೀನ ರಷ್ಯದಲ್ಲಿ ಕಲಾವಿದರ ಕಾನೂನುಸ್ಥಾನ' ಎಂಬುದು. ಕಲಾವಿದನಿಗೂ ಕಾಯಿದೆಗೂ ಏನು ಸಂಬಂಧವೆಂಬ ಪ್ರಶ್ನೆ ಯೌವನದಲ್ಲೇ ಹೀಗೆ ಅವರ ಕೈಗೆ ಅಂಟಿಕೊಂಡಿತು. ಅದು ಅವರನ್ನೂ ಅವರ ಮಗನನ್ನೂ ಕೊನೆಯವರೆಗೆ ಬಿಡಲಿಲ್ಲವೆಂಬುದು ಮುಂದೆ ಗೊತ್ತಾಗುತ್ತದೆ.

೧೯೦೦ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಇಜ್ವಾರ ಮಾರಾಟವಾಯಿತು. ಮಾರುವುದರಲ್ಲಿ ತಪ್ಪೇನೂ ಇರಲಿಲ್ಲ, ಆಸ್ತಿ ಅವರದು. ಕೊಂಡವರಿಗೂ ಯಾವ ಕರ್ತವ್ಯದ ಹೊರೆ ಇರಲಿಲ್ಲ. ಅಲ್ಲಿ ಬೆಳೆದ ಹುಡುಗ ಮುಂದೆ ಏನಾದಾನೆಂಬುದು ಅಂದು ಯಾರಿಗೂ ತಿಳಿದಿರಲಿಲ್ಲವಲ್ಲ! ಆಮೇಲೆ ೧೯೧೭ರ ಕ್ರಾಂತಿ ಬಂತು. ಎಸ್ಟೇಟು ಎಂಬ ಪದಕ್ಕೇ ಅರ್ಥ ಹೋಯಿತು. ಎರಡನೆಯ ಮಹಾಯುದ್ಧದಲ್ಲಿ ಆ ಸೀಮೆಯೆಲ್ಲ ಜರ್ಮನರ ವಶವಾಗಿತ್ತು. ಇಷ್ಟೆಲ್ಲ ಕಳೆದ ಮೇಲೆ, ೧೯೮೪ರಲ್ಲಿ, ರೋರಿಕರು ಹುಟ್ಟಿ ನೂರಹತ್ತು ವರ್ಷ ತುಂಬಿದಾಗ ಇಜ್ವಾರ ಅವರ ಹೆಸರಿನ ವಸ್ತುಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ಮಾರಾಟಕ್ಕೂ ಈ ಮರಳುವಿಕೆಗೂ ನಡುವೆ ಎಂಬತ್ತನಾಲ್ಕು ವರ್ಷ. ಒಬ್ಬ ಮನುಷ್ಯನ ತುಂಬು ಆಯುಸ್ಸು ಇದರಲ್ಲಿ ಅಡಗುತ್ತದೆ.

ಇಜ್ವಾರದಿಂದ ಕಲಿಯಬೇಕಾದ ಮೊದಲ ಪಾಠ ಇದು. ಒಂದು ಜಾಗದ ಬೆಲೆ ಆ ಜಾಗದೊಳಗೆ ಹುಟ್ಟುವುದಿಲ್ಲ; ಬಹಳ ಸಲ ಅದು ಹೊರಗೆ, ದೂರದಲ್ಲಿ, ತಡವಾಗಿ ಹುಟ್ಟಿ ಹಿಂದಕ್ಕೆ ಬಂದು ಆ ಜಾಗವನ್ನು ಸೇರುತ್ತದೆ. ಮಾರಿದ ತಂದೆಯ ಕಡೆಯವರನ್ನೂ, ಕೊಂಡವರನ್ನೂ, ಬೇರೆ ಬೇರೆ ಉಪಯೋಗಕ್ಕೆ ಹಚ್ಚಿದವರನ್ನೂ ನಾವು ದೂರುವಂತಿಲ್ಲ. ತಿಳಿಯದವರಿಗೆ ಋಣವಿಲ್ಲ. ಆದರೆ ತಿಳಿದವರಿಗೆ? ಕಲಾವಿದ ಯಾರೆಂಬುದು ಗೊತ್ತಾದ ಮೇಲೆಯೂ ಅವನ ಮನೆಯನ್ನು ಬರಿಯ ಆಸ್ತಿಯೆಂದು ಎಣಿಸುವವರಿಗೆ ಇಜ್ವಾರದವರಿಗಿದ್ದ ನೆಪ ಇರುವುದಿಲ್ಲ.

ಎರಡನೆಯದು ನಗ್ಗರ್. ರಷ್ಯ ಬಿಟ್ಟು, ಇಂಗ್ಲೆಂಡ್, ಅಮೆರಿಕಗಳನ್ನು ಸುತ್ತಿ ೧೯೨೩ರ ಕೊನೆಗೆ ರೋರಿಕರು ಹೆಂಡತಿ ಹೆಲೆನಾ ಮತ್ತು ಮಕ್ಕಳೊಂದಿಗೆ ಭಾರತಕ್ಕೆ ಬಂದರು. ೧೯೨೫ರಿಂದ ೧೯೨೮ರ ವರೆಗೆ ಮಧ್ಯ ಏಷ್ಯದ ಮರುಭೂಮಿ, ಕಣಿವೆ, ಟಿಬೆಟ್ಟಿನ ಹಿಮದ ನಡುವೆ ಅಲೆದರು. ಅಲೆದಾಟ ಮುಗಿದ ಮೇಲೆ ಬಿಯಾಸ್ ನದಿಯ ಎಡದಂಡೆಯ ನಗ್ಗರಿನಲ್ಲಿ ಮನೆ ಮಾಡಿದರು. ನಗ್ಗರ್ ಒಂದು ಕಾಲಕ್ಕೆ ಕುಲು ರಾಜರ ರಾಜಧಾನಿ. ರೋರಿಕರು ಹಿಡಿದ ಎಸ್ಟೇಟು ಮಂಡಿಯ ರಾಜರ ಕೈಯಲ್ಲಿದ್ದದ್ದು. ಡಾರ್ಜಿಲಿಂಗಿನಲ್ಲಿ ಅದೇ ೧೯೨೮ರಲ್ಲಿ ಸ್ಥಾಪಿಸಿದ್ದ 'ಉರುಸ್ವತಿ' ಎಂಬ ಹಿಮಾಲಯ ಸಂಶೋಧನ ಸಂಸ್ಥೆಯನ್ನು ಅಲ್ಲಿಗೆ ತಂದರು. ಗುಡ್ಡದ ಗಿಡಮೂಲಿಕೆಗಳನ್ನು ಆಯ್ದು ಒಣಗಿಸಿ ಹೆಸರು ಹಚ್ಚುವುದು, ಟಿಬೆಟ್ಟಿನ ವೈದ್ಯವನ್ನು ಅಭ್ಯಾಸ ಮಾಡುವುದು, ಭಾಷೆಗಳನ್ನು ಪರಿಶೀಲಿಸುವುದು, ಇದು ಆ ಸಂಸ್ಥೆಯ ಕೆಲಸ. ಹಿರಿಯ ಮಗ ಯೂರಿ ಟಿಬೆಟ್ ಭಾಷೆಯ ದೊಡ್ಡ ವಿದ್ವಾಂಸರಾದರು. ಕಿರಿಯ ಮಗ ಸ್ವೆತೊಸ್ಲಾವ್ ತಂದೆಯಂತೆ ಕುಂಚ ಹಿಡಿದರು. ತಾಯಿ ಅಧ್ಯಾತ್ಮದ ಗ್ರಂಥಗಳನ್ನು ಬರೆದರು. ಒಂದು ಮನೆಯ ನಾಲ್ಕು ಜನ ನಾಲ್ಕು ಕೆಲಸದಲ್ಲಿ ಮುಳುಗಿದ್ದರು. ೧೯೪೨ರಲ್ಲಿ ಜವಹರಲಾಲ್ ನೆಹರೂ ಅವರೂ ಇಂದಿರಾ ಅವರೂ ಅಲ್ಲಿಗೆ ಹೋಗಿ ಅತಿಥಿಗಳಾಗಿದ್ದರು.

ನಿಕೊಲಾಯ್ ರೋರಿಕರು ನಗ್ಗರಿನಲ್ಲಿಯೇ ೧೯೪೭ರ ಡಿಸೆಂಬರ್ ೧೩ರಂದು ತೀರಿಕೊಂಡರು. ದೇಶ ಸ್ವತಂತ್ರವಾಗಿ ನಾಲ್ಕು ತಿಂಗಳಾಗಿತ್ತು. ಮನೆಯ ಕೆಳಗಿನ ಇಳಿಜಾರಿನಲ್ಲಿ, ಬೆಟ್ಟಗಳನ್ನು ನೋಡುತ್ತಿರುವ ಜಾಗದಲ್ಲಿ, ಅವರ ದೇಹವನ್ನು ಸುಟ್ಟರು. ಅಲ್ಲಿ ಒಂದು ದೊಡ್ಡ ಕಲ್ಲನ್ನು ನಿಲ್ಲಿಸಿದರು. ಹೆಲೆನಾ ಮತ್ತು ಯೂರಿ ಮುಂದೆ ಕಾಲಿಂಪಾಂಗಿಗೆ ಹೋದರು. ಹೆಲೆನಾ ೧೯೫೫ರಲ್ಲಿ ಅಲ್ಲಿಯೇ ಕಣ್ಣುಮುಚ್ಚಿದರು. ಯೂರಿ ೧೯೫೭ರಲ್ಲಿ ಮಾಸ್ಕೋಗೆ ಮರಳಿ ೧೯೬೦ರಲ್ಲಿ ತೀರಿಕೊಂಡರು. ಸಂಸ್ಥೆಯ ಕೆಲಸ ಮಹಾಯುದ್ಧದ ಹೊತ್ತಿಗೇ ನಿಂತುಹೋಗಿತ್ತು. ಆದರೂ ಮನೆ ಕೈಬಿಡಲಿಲ್ಲ. ಕಿರಿಯ ಮಗ ಸ್ವೆತೊಸ್ಲಾವ್ ಅದನ್ನು ಕಾಪಾಡಿಕೊಂಡು ಬಂದು, ೧೯೯೦ರ ದಶಕದ ಮೊದಲಲ್ಲಿ, ತಮ್ಮ ಬಾಳಿನ ಕೊನೆಯ ಹೊತ್ತಿನಲ್ಲಿ, ಒಂದು ಸ್ಮಾರಕ ಟ್ರಸ್ಟಿನ ವಶಕ್ಕೆ ಕೊಟ್ಟರು. ಇಂದು ಅಲ್ಲಿಗೆ ಹೋದವರು ತಂದೆ ಮಕ್ಕಳ ಚಿತ್ರಗಳನ್ನು ನೋಡಬಹುದು. ಅವರು ಬಳಸಿದ ಕೋಣೆಗಳನ್ನು ಕಿಟಕಿಯಿಂದ ಇಣುಕಬಹುದು. ಅವರ ಹಳೆಯ ಕಾರೂ ಅಲ್ಲಿದೆ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಕಲೆಯ ನೆಲೆಗಳನ್ನು ಕಾಪಾಡುವುದು ಮನುಷ್ಯನ ಧರ್ಮವೆಂದು ಈ ಶತಮಾನದ ಹಿಂದಿನ ಶತಮಾನದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿ ಹೇಳಿದವರಲ್ಲಿ ರೋರಿಕರೂ ಒಬ್ಬರು. ಯುದ್ಧದಲ್ಲಿ ಗಾಯಾಳುಗಳಿರುವ ಜಾಗಕ್ಕೆ ರೆಡ್‌ಕ್ರಾಸ್ ಬಾವುಟವಿರುವಂತೆ ವಸ್ತುಸಂಗ್ರಹಾಲಯ, ವಿದ್ಯಾಸಂಸ್ಥೆ, ಪ್ರಾಚೀನ ಕಟ್ಟಡಗಳಿಗೂ ಒಂದು ಬಾವುಟವಿರಬೇಕು, ಅದನ್ನು ಕಂಡ ಸೈನ್ಯ ಕೈತಡೆಯಬೇಕು ಎಂಬುದು ಅವರ ಬಯಕೆ. ಬಿಳಿಯ ಬಟ್ಟೆಯ ಮೇಲೆ ಒಂದು ಕೆಂಪು ವೃತ್ತ, ಅದರೊಳಗೆ ಮೂರು ಕೆಂಪು ಗುಂಡುಗಳು, ಇದು ಆ ಬಾವುಟ. ೧೯೩೫ರ ಏಪ್ರಿಲ್ ೧೫ರಂದು ವಾಷಿಂಗ್‌ಟನ್ನಿನ ಶ್ವೇತಭವನದಲ್ಲಿ ಅಮೆರಿಕ ಖಂಡಗಳ ಇಪ್ಪತ್ತೊಂದು ರಾಷ್ಟ್ರಗಳು 'ರೋರಿಕ್ ಒಪ್ಪಂದ'ಕ್ಕೆ ಸಹಿ ಹಾಕಿದವು. ಜರ್ಮನಿಯೂ ಸೋವಿಯತ್ ರಷ್ಯವೂ ಹಾಕಲಿಲ್ಲ. ಆರು ವರ್ಷಗಳ ಮೇಲೆ ಈ ಎರಡು ದೇಶಗಳ ಸೈನ್ಯಗಳು ಹೋರಾಡಿದ ನೆಲದಲ್ಲಿಯೇ ಇಜ್ವಾರವಿತ್ತು. ಜಗತ್ತಿಗೆಲ್ಲ ಬಾವುಟ ಹೊಲಿದುಕೊಟ್ಟವರ ಬಾಲ್ಯದ ಮನೆಗೆ ಆ ಬಾವುಟದ ನೆರಳು ಸಿಗಲಿಲ್ಲ.

ಅದೇ ಕಾಲದಲ್ಲಿ ನ್ಯೂಯಾರ್ಕಿನಲ್ಲಿ ಇನ್ನೊಂದು ಘಟನೆ ನಡೆಯಿತು. ರೋರಿಕರು ಬದುಕಿರುವಾಗಲೇ, ೧೯೨೯ರಲ್ಲಿ, ಅವರ ಚಿತ್ರಗಳಿಗಾಗಿ ಅಲ್ಲಿ ಒಂದು ಗಗನಚುಂಬಿ ಕಟ್ಟಡವೆದ್ದಿತ್ತು. ಮುಖ್ಯ ಪೋಷಕರಿಗೂ ಇವರಿಗೂ ಒಡಕು ಬಂದು, ಮಾತು ವ್ಯಾಜ್ಯಕ್ಕೇರಿ, ಕಟ್ಟಡ ಕೈತಪ್ಪಿತು. ಚಿತ್ರಗಳು ಅಲ್ಲಿಂದ ಹೊರಟುಹೋದವು. ೧೯೪೯ರಲ್ಲಿ, ಅವರು ತೀರಿಕೊಂಡ ಮೇಲೆ, ಅದೇ ನಗರದ ಒಂದು ಸಾಧಾರಣ ಮನೆಯಲ್ಲಿ ಅವರ ಹೆಸರಿನ ಇನ್ನೊಂದು ಚಿತ್ರಶಾಲೆ ಏರ್ಪಟ್ಟಿತು, ಅದು ಉಳಿದಿದೆ. ಬಹು ಅಂತಸ್ತಿನ ಅರಮನೆ ನಿಲ್ಲಲಿಲ್ಲ, ಚಿಕ್ಕ ಮನೆ ನಿಂತಿತು. ಹಣದಿಂದ ಕಟ್ಟಿದ ಸ್ಮಾರಕಕ್ಕೆ ಹಣದ ಜಗಳವೇ ಗೆದ್ದಲು ಎಂದು ಇದರಿಂದ ತಿಳಿದರೆ ತಪ್ಪಾಗದು.

ಈಗ ನಮ್ಮ ಊರಿಗೆ ಬರೋಣ. ಸ್ವೆತೊಸ್ಲಾವ್ ರೋರಿಕ್ ಹುಟ್ಟಿದ್ದು ೧೯೦೪ರಲ್ಲಿ. ೧೯೪೫ರಲ್ಲಿ ಅವರು ದೇವಿಕಾರಾಣಿಯವರನ್ನು ಮದುವೆಯಾದರು. ಬಾಂಬೆ ಟಾಕೀಸಿನ ದೇವಿಕಾರಾಣಿ, 'ಅಛೂತ್ ಕನ್ಯಾ' ಚಿತ್ರದ ನಾಯಿಕೆ, ಮುಂದೆ ಫಾಲ್ಕೆ ಪ್ರಶಸ್ತಿಯನ್ನು ಎಲ್ಲರಿಗಿಂತ ಮೊದಲು ಪಡೆದವರು, ಎಂದು ಹೇಳಿದರೆ ವಾಚಕರಿಗೆ ಸಾಕು. ಈ ದಂಪತಿಗಳು ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ದಾರಿಯಲ್ಲಿ ತಾತಗುಣಿಯ ಬಳಿ ಸುಮಾರು ೪೭೦ ಎಕರೆಯ ಎಸ್ಟೇಟು ಮಾಡಿಕೊಂಡು ನೆಲೆಸಿದರು. ಅಲ್ಲಿ ಲಿನಲೋ ಎಂಬ ಮರಗಳನ್ನು ಬೆಳೆಸಿದರು. ಮೆಕ್ಸಿಕೋ ಕಡೆಯಿಂದ ಬಂದ ಮರ ಅದು. ಅದರ ಕಾಯಿಯಿಂದ ಬಟ್ಟಿಯಿಳಿಸಿದ ಎಣ್ಣೆ ಸುಗಂಧದ್ರವ್ಯಗಳಿಗೆ ಬೇಕು. ನಡುವೆ ಅವರ ಕುಂಚದ ಕೆಲಸ ಸಾಗಿಯೇ ಇತ್ತು. ಪಾರ್ಲಿಮೆಂಟಿನ ಸೆಂಟ್ರಲ್ ಹಾಲಿನಲ್ಲಿರುವ ನೆಹರೂ ಅವರ ಭಾವಚಿತ್ರ ಇವರದೇ. ಬೆಂಗಳೂರಿನ ಚಿತ್ರಕಲಾ ಪರಿಷತ್ತು ಬೆಳೆಯುವುದಕ್ಕೆ ಅವರು ಕೊಟ್ಟ ಬೆಂಬಲವನ್ನು ಬಲ್ಲವರು ಬಲ್ಲರು. ತಂದೆ ಮಕ್ಕಳ ಚಿತ್ರಗಳು ಅಲ್ಲಿಯೂ ಇವೆ.

ಅವರಿಗೆ ಮಕ್ಕಳಿರಲಿಲ್ಲ. ೧೯೯೩ರ ಜನವರಿ ೩೦ರಂದು ಸ್ವೆತೊಸ್ಲಾವ್ ತೀರಿಕೊಂಡರು. ಮರುವರ್ಷ ಮಾರ್ಚಿ ೯ರಂದು ದೇವಿಕಾರಾಣಿಯವರೂ ಹೋದರು. ಆಸ್ತಿ ಯಾರದೆಂಬ ವಿವಾದ ಅದಕ್ಕೆ ಮೊದಲೇ ಹೊಗೆಯಾಡುತ್ತಿತ್ತು. ಜಮೀನಿನ ಹೆಚ್ಚಿನ ಭಾಗವನ್ನು ಕ್ರಯಕ್ಕೆ ಪಡೆದಿದ್ದೇವೆಂದು ಒಂದು ಕಂಪನಿ ಹೇಳಿತು. ೧೯೯೬ರಲ್ಲಿ ಕರ್ನಾಟಕದ ಶಾಸನಸಭೆ ಈ ಒಂದು ಎಸ್ಟೇಟಿಗಾಗಿಯೇ ಒಂದು ಕಾಯಿದೆ ಮಾಡಿತು. ಎಸ್ಟೇಟನ್ನು ಸರ್ಕಾರ ವಹಿಸಿಕೊಂಡು, ಚಿತ್ರಗಳನ್ನೂ ಕಲಾವಸ್ತುಗಳನ್ನೂ ಮರಗಳನ್ನೂ ಕಾಪಾಡಿ, ಅಲ್ಲಿ ಚಿತ್ರಶಾಲೆಯನ್ನೂ ವಸ್ತುಸಂಗ್ರಹಾಲಯವನ್ನೂ ಏರ್ಪಡಿಸತಕ್ಕದ್ದೆಂಬುದು ಅದರ ಉದ್ದೇಶ. ಕಾಯಿದೆಯ ಮೇಲೆ ಮೊಕದ್ದಮೆ ನಡೆದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದ ವರೆಗೆ ಹೋಯಿತು. ೨೦೧೧ರ ಆಗಸ್ಟ್ ೯ರಂದು ಪೀಠ ಕಾಯಿದೆಯನ್ನು ಎತ್ತಿಹಿಡಿಯಿತು. ಆಸ್ತಿಯ ಹಕ್ಕು ಈಗ ಮೂಲಭೂತ ಹಕ್ಕಾಗಿ ಉಳಿದಿಲ್ಲ, ನಿಜ. ಆದರೆ ಕಾನೂನಿನ ಬಲವಿಲ್ಲದೆ, ಸಾರ್ವಜನಿಕ ಉದ್ದೇಶವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ ಎಂಬ ಮಾತೂ ಆ ತೀರ್ಪಿನಲ್ಲಿದೆ. ಕಾನೂನು ಓದುವವರು ಆ ತೀರ್ಪನ್ನು ಇಂದಿಗೂ ಉದಾಹರಿಸುತ್ತಾರೆ. ಕಲಾವಿದರ ಕಾನೂನುಸ್ಥಾನವನ್ನು ಕುರಿತು ತಂದೆ ಯೌವನದಲ್ಲಿ ಪ್ರಬಂಧ ಬರೆದರು; ಮಗನ ಎಸ್ಟೇಟು ಒಂದು ದೇಶದ ಆಸ್ತಿಹಕ್ಕಿನ ಪಾಠವೇ ಆಯಿತು.

ಇಷ್ಟು ಕತೆ. ಇನ್ನು ವಿಚಾರ. ಈ ಕತೆಯನ್ನು ಕೇಳಿದ ಒಬ್ಬ ರೈತ ಎದ್ದು ನಿಂತು, "ಸ್ವಾಮಿ, ಇಬ್ಬರಿಗೆ ೪೭೦ ಎಕರೆಯೆ?" ಎಂದು ಕೇಳಿದರೆ ಏನು ಹೇಳುವುದು? ಈ ಪ್ರಶ್ನೆಯನ್ನು ಅರಸಿಕತೆಯೆಂದು ತಳ್ಳಿಬಿಡುವ ವಿದ್ಯಾವಂತರಲ್ಲಿ ನನಗೆ ನಂಬಿಕೆಯಿಲ್ಲ. ನಮ್ಮ ರಾಜ್ಯದಲ್ಲಿ 'ಉಳುವವನೇ ಹೊಲದೊಡೆಯ' ಎಂಬ ಮಾತು ಬರಿಯ ಘೋಷಣೆಯಾಗಿ ಉಳಿಯದೆ ೧೯೭೪ರ ಭೂಸುಧಾರಣೆಯ ತಿದ್ದುಪಡಿಯಿಂದ ಕಾಯಿದೆಯೇ ಆಯಿತು. ಎಷ್ಟೋ ಒಡೆಯರ ಜಮೀನು ಗೇಣಿದಾರರ ಪಾಲಾಯಿತು. ಆ ಕಾಯಿದೆಯಲ್ಲಿ ಲಿನಲೋ ಬೆಳೆಯುವ ಜಮೀನಿಗೆ ವಿನಾಯಿತಿಯಿತ್ತು; ಸರ್ಕಾರ ಅದನ್ನು ಆಮೇಲೆ ಹಿಂತೆಗೆದುಕೊಂಡಿತು. ಅಂದರೆ ಉಳಿದವರಿಗೆ ಹಾಕಿದ ಮಿತಿ ಈ ತೋಟಕ್ಕೆ ಬಹುಕಾಲ ತಟ್ಟಲಿಲ್ಲ. ಇದನ್ನು ಮುಚ್ಚಿಟ್ಟು ಕಲೆಯ ಹೆಸರಿನಲ್ಲಿ ಕಣ್ಣೀರು ಸುರಿಸುವುದು ಪ್ರಾಮಾಣಿಕವಲ್ಲ.

ಆದರೆ ಆ ರೈತನ ಪ್ರಶ್ನೆಯನ್ನು ಅದರ ಕೊನೆಯವರೆಗೆ ಹಿಂಬಾಲಿಸಿ ಹೋದರೆ ಅದು ಸ್ಮಾರಕದ ವಿರುದ್ಧವಾಗಿ ನಿಲ್ಲದೆ ಅದರ ಪರವಾಗಿಯೇ ನಿಲ್ಲುತ್ತದೆಂದು ನನಗೆ ತೋರುತ್ತದೆ. ವಿನಾಯಿತಿಯೆಂದರೆ ಏನು? ಸಮಾಜ ತನ್ನ ಹಕ್ಕನ್ನು ಒಂದು ಕಾರಣಕ್ಕಾಗಿ ಬದಿಗಿಟ್ಟಿತು ಎಂದರ್ಥ. ಇತರರಿಗೆ ಹಂಚಬಹುದಾಗಿದ್ದುದನ್ನು ಹಂಚದೆ ಬಿಟ್ಟಿತು ಎಂದರ್ಥ. ಹೀಗೆ ಬಿಟ್ಟುಕೊಟ್ಟ ನೆಲದ ಮೇಲೆ ಬಿಟ್ಟುಕೊಟ್ಟವರಿಗೆ ಒಂದು ಹಕ್ಕು ಉಳಿದೇ ಇರುತ್ತದೆ. ಆ ನೆಲ ನಾಳೆ ನಿವೇಶನಗಳಾಗಿ ಒಡೆದು, ಕೊಂಡವನ ಗೋಡೆಯೊಳಗೆ ಸೇರಿಹೋದರೆ ಭೂಮಿಯಿಲ್ಲದವನಿಗೆ ಎರಡು ಸಲ ಮೋಸವಾದಂತೆ: ಮೊದಲು ಉಳುವುದಕ್ಕೆ ಸಿಗಲಿಲ್ಲ, ಆಮೇಲೆ ನೋಡುವುದಕ್ಕೂ ಸಿಗಲಿಲ್ಲ. ಅದು ಎಲ್ಲರಿಗೂ ಬಾಗಿಲು ತೆರೆದ ಜಾಗವಾದರೆ ಮಾತ್ರ ಆ ಹಳೆಯ ವಿನಾಯಿತಿಗೆ ಒಂದು ಅರ್ಥ ಬರುತ್ತದೆ.

ಇನ್ನು ರಕ್ತಸಂಬಂಧದ ವಿಚಾರ. ನಮ್ಮ ಹಿರಿಯರು ಮನುಷ್ಯನು ಹುಟ್ಟುತ್ತಲೇ ಮೂರು ಋಣಗಳನ್ನು ಹೊತ್ತಿರುತ್ತಾನೆಂದು ಹೇಳುತ್ತಿದ್ದರು. ದೇವಋಣವನ್ನು ಯಜ್ಞದಿಂದ, ಪಿತೃಋಣವನ್ನು ಸಂತಾನದಿಂದ, ಋಷಿಋಣವನ್ನು ಅಧ್ಯಯನದಿಂದ ತೀರಿಸಬೇಕು. ಮಕ್ಕಳಿಲ್ಲದವರಿಗೆ ದತ್ತಕನಾದವನು ಮಗನಾಗುತ್ತಾನೆ. ತಾತಗುಣಿಯ ವಿಚಾರದಲ್ಲಿ ನಡೆದದ್ದು ಬಹುಮಟ್ಟಿಗೆ ಇದೇ. ನಿಸ್ಸಂತಾನರಾದ ದಂಪತಿಗಳ ಎಸ್ಟೇಟಿಗೆ ಒಂದು ರಾಜ್ಯವೇ ದತ್ತುಪುತ್ರನಾಗಿ ಹೋಯಿತು. ಆದರೆ ದತ್ತುಪುತ್ರನಿಗೆ ಆಸ್ತಿಯೊಂದೇ ಬರುವುದಿಲ್ಲವಷ್ಟೆ. ಆಸ್ತಿಯ ಜೊತೆಗೆ ಮನೆಯ ಹಬ್ಬ, ಶ್ರಾದ್ಧ, ಸಾಲ, ಸಂಬಂಧ ಎಲ್ಲವೂ ಬರುತ್ತವೆ. ಆಸ್ತಿಯನ್ನು ಅಂಗೀಕರಿಸಿ ಶ್ರಾದ್ಧವನ್ನು ಮರೆತ ದತ್ತುಮಗನನ್ನು ಊರು ಏನೆನ್ನುತ್ತದೆಂಬುದು ಎಲ್ಲರಿಗೂ ಗೊತ್ತು. ತೀರ್ಪು ನೆಲವನ್ನು ಕೊಡಬಲ್ಲದು. ನೆಲದ ಮೇಲಿನ ಅಕ್ಕರೆಯನ್ನು ಕೊಡಲಾರದು.

ಹಾಗಾದರೆ ಮಾಡಬೇಕಾದ ಶ್ರಾದ್ಧವೇನು? ಇಲ್ಲಿಯೇ ನಮ್ಮ ಜನ ಸಾಮಾನ್ಯವಾಗಿ ಎಡವುವುದು. ಕಲಾವಿದನಿಗೆ ನಾವು ಸಲ್ಲಿಸಬೇಕಾದದ್ದು ದೇವಋಣವೆಂದು ಬಗೆದು ಪೂಜೆಗೆ ತೊಡಗುತ್ತೇವೆ. ಪಾದರಕ್ಷೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಕನ್ನಡಕದ ಮುಂದೆ ಹೆಸರಿನ ಚೀಟಿಯಿಟ್ಟು, ಮುಟ್ಟಬಾರದೆಂದು ಬೋರ್ಡು ಹಾಕಿ, ಹೊರಗೆ ಬೀಗ ಹಾಕಿದರೆ ಕೆಲಸ ಮುಗಿಯಿತೆಂದು ತಿಳಿಯುತ್ತೇವೆ. ಇಲ್ಲವೆ, ಪಿತೃಋಣವೆಂದು ಬಗೆದು, ವರ್ಷಕ್ಕೊಮ್ಮೆ ಜಯಂತಿ ಮಾಡಿ, ಭಾಷಣ ಮುಗಿಸಿ, ಕಾಫಿ ಕುಡಿದು ಹಿಂತಿರುಗುತ್ತೇವೆ. ಆದರೆ ಅದು ಋಷಿಋಣ. ಕಲಾವಿದನು ಕಂಡದ್ದನ್ನು ನಾವೂ ಕಾಣಲು ಕಲಿಯುವುದೊಂದೇ ಅದನ್ನು ತೀರಿಸುವ ಬಗೆ. ಅಧ್ಯಯನ ನಡೆಯದ ಸ್ಮಾರಕ ಮೂಲೆಗೆ ನಿಲ್ಲಿಸಿದ ಊರುಗೋಲು.

ಈ ದೃಷ್ಟಿಯಿಂದ ನಗ್ಗರಿಗೆ ಮತ್ತೆ ಹೋಗಿ ನೋಡಿದರೆ ಒಂದು ವಿಷಯ ಹೊಳೆಯುತ್ತದೆ. ಆ ಮನೆ ಬದುಕಿದ್ದ ದಿನಗಳಲ್ಲಿ ಅದು ಕಲಾವಿದನ ಬಿಡಾರವಷ್ಟೇ ಆಗಿರಲಿಲ್ಲ. ಗಿಡಗಳನ್ನು ಗುರುತಿಸುವ, ಗ್ರಂಥಗಳನ್ನು ತಿದ್ದುವ, ಪರ್ವತದ ಬಣ್ಣ ಗಳಿಗೆಗೊಂದು ರೀತಿ ಬದಲಾಗುವುದನ್ನು ಬರೆದಿಡುವ ಕಾರ್ಯಶಾಲೆಯಾಗಿತ್ತು. ನಗ್ಗರಿನಲ್ಲಿ ಸ್ಮಾರಕವಾಗಬೇಕಾದದ್ದು ಆ ಕೋಣೆಗಳಿಗಿಂತ ಹೆಚ್ಚಾಗಿ ಆ ಅಭ್ಯಾಸ. ಗಾಜಿನ ಹಿಂದಿನ ಕುಂಚ ಕುಂಚದ ಶವ. ಕಲಿಯುವ ಹುಡುಗಿಯ ಕೈಯಲ್ಲಿರುವ ಕುಂಚವೇ ಜೀವಂತ ಕುಂಚ. ಹಾಗೆಂದು ಹಳೆಯ ಕುಂಚವನ್ನೇ ತೆಗೆದು ಹುಡುಗಿಯ ಕೈಗೆ ಕೊಡಬೇಕೆಂದು ನಾನು ಹೇಳುತ್ತಿಲ್ಲ. ಹಳೆಯದು ಅಲ್ಲಿರಬೇಕು, ಹೊಸದು ಅದರ ಎದುರಿಗೆ ಕೆಲಸ ಮಾಡುತ್ತಿರಬೇಕು. ಒಂದರ ಸಾಕ್ಷಿಯಲ್ಲಿ ಇನ್ನೊಂದು ನಡೆಯಬೇಕು.

"ಕವಿಗಳ ಮನೆಗೂ ಈ ಮಾತು ಸಲ್ಲದೆ?" ಎಂದು ಯಾರಾದರೂ ಕೇಳಬಹುದು. ಸಲ್ಲುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಸ್ವೆತೊಸ್ಲಾವ್ ಹುಟ್ಟಿದ ೧೯೦೪ರಲ್ಲಿಯೇ ನಮ್ಮ ಕುವೆಂಪು ಅವರೂ ಹುಟ್ಟಿದರು. ದೇವಿಕಾರಾಣಿಯವರು ತೀರಿಕೊಂಡ ೧೯೯೪ರಲ್ಲಿಯೇ ಅವರೂ ತೀರಿಕೊಂಡರು. ಕುಪ್ಪಳಿಯ ಅವರ ತೊಟ್ಟಿಮನೆ ಇಂದು ಸ್ಮಾರಕವಾಗಿದೆ. ಕವಿಶೈಲದಲ್ಲಿ ಅವರ ಸಮಾಧಿಯಿದೆ. ಅಲ್ಲಿಗೆ ಹೋಗುವವರಲ್ಲಿ ಬಹಳ ಜನ ಮನಸ್ಸಿನಲ್ಲಿ ಯಾವುದಾದರೂ ಪದ್ಯವನ್ನು ಹೊತ್ತುಕೊಂಡೇ ಹೋಗುತ್ತ‌ಾರೆ. ಮನೆಗೆ ಬೆಳಕು ಅವರೇ ತರುತ್ತಾರೆ. ಒಂದು ಪಕ್ಷ ಆ ಮನೆ ಇಲ್ಲದಿದ್ದರೂ ಕಾವ್ಯ ಸಾವಿರಾರು ಪ್ರತಿಗಳಲ್ಲಿ, ಸಾವಿರಾರು ನಾಲಗೆಗಳಲ್ಲಿ ಉಳಿದಿರುತ್ತಿತ್ತು. ಚಿತ್ರಕಾರನ ಗತಿ ಹಾಗಲ್ಲ. ಅವನ ಚಿತ್ರ ಜಗತ್ತಿನಲ್ಲಿ ಒಂದೇ ಕಡೆ, ಒಂದೇ ಒಂದು ಇರುತ್ತದೆ. ತೇವ ತಗಲಿದರೆ ಅದೊಂದೇ ಹಾಳಾಗುತ್ತದೆ. ಗೆದ್ದಲು ಹಿಡಿದರೆ ಅದೊಂದೇ ಹೋಗುತ್ತದೆ. ಅಚ್ಚಿನಲ್ಲಿ ನೋಡಿದ ಹಿಮಾಲಯದ ನೀಲಿ ಅವರು ಬಳಿದ ನೀಲಿಯಲ್ಲ. ಆದುದರಿಂದ ಕವಿಯ ಮನೆಯನ್ನು ಕಾಯುವುದು ಕೃತಜ್ಞತೆಯಾದರೆ, ಚಿತ್ರಕಾರನ ಮನೆಯನ್ನೂ ಅದರೊಳಗಿನ ಚಿತ್ರಗಳನ್ನೂ ಕಾಯುವುದು ಅವಶ್ಯಕತೆ. ಅಲ್ಲಿ ಕಾವಲುಗಾರ ನಿದ್ದೆಮಾಡಿದರೆ ಕೃತಿಯೇ ಸಾಯುತ್ತದೆ.

ವ್ಯಾಜ್ಯ ನಡೆಯುತ್ತಿರುವ ಮನೆಯ ಅಪಾಯ ಇದು. ಆಸ್ತಿ ಯಾರದೆಂದು ವಾದಿಸುವ ಎರಡು ಕಡೆಯವರೂ ತಾಳ್ಮೆಯಿಂದ ಕಾಯಬಲ್ಲರು. ನೆಲ ಎಲ್ಲಿಗೂ ಹೋಗುವುದಿಲ್ಲ, ಅದರ ಬೆಲೆ ಏರುತ್ತಲೇ ಇರುತ್ತದೆ. ಕಾಯಲಾರದೆ ಇರುವುದು ಬಟ್ಟೆಯ ಮೇಲಿನ ಬಣ್ಣವೊಂದೇ. ದೇವಿಕಾರಾಣಿಯವರು ತೀರಿಕೊಂಡಂದಿನಿಂದ ತೀರ್ಪು ಬರುವ ವರೆಗೆ ಹದಿನೇಳು ವರ್ಷಗಳು ಕಳೆದವು. ಯುದ್ಧದ ಕಾಲಕ್ಕೆಂದು ರೋರಿಕರು ಬಾವುಟ ಹೊಲಿದರು. ಶಾಂತಿಯ ಕಾಲದಲ್ಲಿ ನಡೆಯುವ ಈ ನಿಧಾನವಾದ ನಾಶಕ್ಕೆ ಯಾವ ಬಾವುಟವಿದೆ? ಮನುಷ್ಯರು ಬಾಂಬಿನಿಂದ ಕೆಡಿಸಿದ್ದಕ್ಕಿಂತ ಉದಾಸೀನದಿಂದ ಕೆಡಿಸಿದ್ದು ಕಡಮೆಯೆಂದು ಯಾರೂ ಎದೆತಟ್ಟಿ ಹೇಳಲಾರರು.

ಒಟ್ಟಿನಲ್ಲಿ ನನಗೆ ತೋರುವುದಿಷ್ಟು. ಕಲಾವಿದನ ಮನೆ ಯಾರಿಗೂ ಪೂರ್ತಿಯಾಗಿ ಸೇರುವುದಿಲ್ಲ; ಅವನಿಗೂ ಸೇರಿರಲಿಲ್ಲ. ಮಂಡಿಯ ರಾಜರ ಕೈಯಿಂದ ಬಂದ ಬೆಟ್ಟದ ಮಗ್ಗುಲು ರೋರಿಕರ ಕೈಸೇರಿ, ಅವರ ಮಗನಿಂದ ಟ್ರಸ್ಟಿಗೆ ಹೋಯಿತು. ಪೀಟರ್ಸ್‌ಬರ್ಗಿನ ನೋಟರಿ ಕೊಂಡ ಮನೆ ಕೈಯಿಂದ ಕೈಗೆ ಬಿದ್ದು, ರಾಜ್ಯವ್ಯವಸ್ಥೆಗಳೇ ಉರುಳಿದ ಮೇಲೆ, ಅದೇ ಹುಡುಗನ ಹೆಸರಿಗೆ ಬಂತು. ಒಡೆತನ ಬದಲಾಗುತ್ತ ಹೋಗುತ್ತದೆ. ಋಣ ಮಾತ್ರ ಯಾರ ಕೈಗೆ ಬಂದರೂ ಜೊತೆಗೇ ಬರುತ್ತದೆ. ತಾತಗುಣಿಯ ಋಣ ಈಗ ನಮ್ಮದು. 'ಸರ್ಕಾರದ್ದು' ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಆ ಕಾಯಿದೆಯಲ್ಲಿ ಸಾರ್ವಜನಿಕ ಉದ್ದೇಶವೆಂಬ ಮಾತಿಗೆ ಅರ್ಥ ತುಂಬಬೇಕಾದವರು ಸಾರ್ವಜನಿಕರೇ. ನಾವು ಹೋಗಿ ನೋಡದಿದ್ದರೆ, ನಮ್ಮ ಮಕ್ಕಳನ್ನು ಆ ಚಿತ್ರಗಳ ಮುಂದೆ ನಿಲ್ಲಿಸದಿದ್ದರೆ, ಅವು ಹೇಗಿವೆಯೆಂದು ವಿಚಾರಿಸದಿದ್ದರೆ, ಗೆದ್ದ ಮೊಕದ್ದಮೆಯನ್ನು ನಾವೇ ಸೋತಂತೆ.

ಅಜ್ಜಿ ಗದರಿದ ಮಾತಿಗೆ ಮತ್ತೆ ಬರುತ್ತೇನೆ. ಕೋಲು ಮುರಿದೀತೆಂದು ಅವಳಿಗೆ ಭಯ. ಅದು ನ್ಯಾಯವಾದ ಭಯವೇ. ಆದರೆ ಆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಇದನ್ನು ಹಿಡಿದು ನಿನ್ನ ಮುತ್ತಾತ ದಿನಾ ಬೆಳಗ್ಗೆ ಕೆರೆಯೇರಿಯ ವರೆಗೆ ಹೋಗುತ್ತಿದ್ದರು, ಬಾ, ನಾವೂ ಹೋಗಿ ಬರೋಣ" ಎಂದು ಹೇಳಿ, ಕೋಲನ್ನು ಗೋಡೆಗೆ ಒರಗಿಸಿಟ್ಟು, ಮಗುವಿನ ಕೈಹಿಡಿದು ಹೊರಟಿದ್ದರೆ ಕೋಲೂ ಉಳಿಯುತ್ತಿತ್ತು, ದಾರಿಯೂ ಉಳಿಯುತ್ತಿತ್ತು.